ಪಂಜರದೊಳಗಿನ ಟೆಲಿಫೋನ್

ಈ ವಾರ ಒಂದು ಫೋಟೊ ಬಿಟ್ಟೂಬಿಡದೆ ಕಾಡುತ್ತಿದೆ. ಹಕ್ಕಿ ಸಾಕುವ ಪಂಜರ. ಒಳಗೆ ಹಕ್ಕಿಯಿಲ್ಲ, ಟೆಲಿಫೋನ್ ಇದೆ. ಜಪಾನಿನ ನಗೋಯಾ ನಗರದ ಕವಿ, ಫೋಟೊಗ್ರಾಫರ್ ಯಾಮಾಮೊಟೊ ಕಾನ್ಸುಕೆ 1940ರಲ್ಲಿ ಮಾಡಿದ ಚಿತ್ರ ಅದು.

ಜಪಾನಿಯಲ್ಲಿ ಅದರ ಹೆಸರು 'ಗರಾನ್ ನೊ ತೊರಿಕಾಗೊ'. ತೊರಿಕಾಗೊ ಅಂದರೆ ಹಕ್ಕಿಪಂಜರ. ಗರಾನ್ ಅಂದರೆ ಬೌದ್ಧ ದೇಗುಲ. ಅದು ನಮಗೆ ಗೊತ್ತಿರುವ 'ಸಂಘಾರಾಮ'ವೇ. ಸಂಸ್ಕೃತದಿಂದ ಚೀನಾಕ್ಕೆ ಹೋಗಿ, ಜಪಾನಿಗರ ಬಾಯಲ್ಲಿ 'ಸೋ-ಗ-ರಾನ್-ಮ' ಆಗಿ, ಮೊದಲ ಮತ್ತು ಕೊನೆಯ ಅಕ್ಷರ ಉದುರಿ, ನಡುವಿನ ಎರಡು ಉಳಿದಿವೆ. ಭಿಕ್ಷುಗಳು ಒಟ್ಟಿಗೆ ಇರುವ ತೋಟ ಎಂಬ ಅರ್ಥದ ಮಾತು ಪಂಜರದ ಪಕ್ಕ ಬಂದು ಕೂತಿದೆ. ಇದು ತಿಳಿದ ಮೇಲೆ ಫೋಟೊ ಇನ್ನಷ್ಟು ಕಾಡತೊಡಗಿತು.

ಯಾಮಾಮೊಟೊ ಹುಟ್ಟಿದ್ದು 1914ರಲ್ಲಿ. ತಂದೆಯದು ಫೋಟೊ ಸಾಮಾನಿನ ಅಂಗಡಿ, ಹಾಗಾಗಿ ಕ್ಯಾಮೆರಾ ಮನೆಯಲ್ಲೇ ಇತ್ತು. ಹುಚ್ಚು ಮಾತ್ರ ಫ್ರೆಂಚ್ ಸರ್ರಿಯಲಿಸ್ಟ್ ಕವಿಗಳದ್ದು, ಅಂದರೆ ಕನಸಿನ ತರ್ಕದಲ್ಲಿ ಬರೆಯುತ್ತಿದ್ದವರದ್ದು. 1938ರಲ್ಲಿ 'ಯೊರು ನೊ ಫುನ್ಸುಯಿ', ಅಂದರೆ 'ಇರುಳ ಕಾರಂಜಿ', ಎಂಬ ಪುಟ್ಟ ಕಾವ್ಯಪತ್ರಿಕೆ ಶುರು ಮಾಡಿದರು. ಬಂದದ್ದು ನಾಲ್ಕೇ ಸಂಚಿಕೆ. 1939ರಲ್ಲಿ ವಿಚಾರಗಳ ಮೇಲೆ ಕಣ್ಣಿಡುವ ವಿಶೇಷ ಪೊಲೀಸರು, ಜಪಾನಿಗರು 'ತೊಕ್ಕೊ' ಅನ್ನುತ್ತಿದ್ದವರು, ಅವರನ್ನು ಕರೆಸಿ ವಿಚಾರಣೆ ಮಾಡಿದರು. ಪತ್ರಿಕೆ ನಿಂತಿತು.

ಕವಿತೆಗೆ ಪೊಲೀಸರು ಯಾಕೆ? ಆ ಫ್ರೆಂಚ್ ಕವಿಗಳಲ್ಲಿ ಮುಖ್ಯರಾದ ಬ್ರೆತೊನ್, ಎಲ್ಯುವಾರ್, ಅರಗೊನ್ 1927ರಲ್ಲಿ ಫ್ರೆಂಚ್ ಕಮ್ಯುನಿಸ್ಟ್ ಪಕ್ಷ ಸೇರಿದ್ದರು. ಹಾಗಾಗಿ ಸರ್ರಿಯಲಿಸಂ ಅಂದರೆ ಕಮ್ಯುನಿಸಂ ಅಂತಲೇ ಲೆಕ್ಕ. ಅಚ್ಚಾದದ್ದನ್ನೆಲ್ಲ ಓದುವ ಏರ್ಪಾಡೂ ಹಳೆಯದೇ: 1893ರ ಪ್ರಕಟಣಾ ಕಾನೂನಿನ ಪ್ರಕಾರ ಹಂಚುವ ಮೂರು ದಿನ ಮೊದಲೇ ಎರಡು ಪ್ರತಿ ಗೃಹ ಇಲಾಖೆಗೆ ತಲುಪಬೇಕು. ಇಂಥ ಕವಿತೆಯ ಕಷ್ಟ ಅಲ್ಲೇ ಇರುವುದು. 'ಇದರ ಅರ್ಥವೇನು?' ಎಂದರೆ ಒಂದು ಸಾಲಿನಲ್ಲಿ ಹೇಳಲಾಗದು, ಹೇಳದಿದ್ದರೆ ಗುಪ್ತಭಾಷೆ ಅನ್ನುತ್ತಾರೆ. 1940ರಲ್ಲಿ ಕೋಬೆಯ ಕವಿಗಳನ್ನು ಹಿಡಿದರು. 1941ರಲ್ಲಿ ಸರ್ರಿಯಲಿಸ್ಟ್ ಕವಿ, ವಿಮರ್ಶಕ ತಾಕಿಗುಚಿ ಶೂಜೊ ಅವರನ್ನು ತಿಂಗಳುಗಟ್ಟಲೆ ಒಳಗಿಟ್ಟರು.

ಇಂಥ ಹೊತ್ತಿನಲ್ಲಿ ಆ ಫೋಟೊ.

ಪಂಜರದೊಳಗಿನ ವಸ್ತುವಿನ ಫೋಟೊ ತೆಗೆದು ನೋಡಿದವರಿಗೆ ಅದರ ಕಷ್ಟ ಗೊತ್ತು. ಒಳಗಿನ ವಸ್ತುವಿಗೆ ಫೋಕಸ್ ಮಾಡಿದರೆ ಮುಂದಿನ ಕಂಬಿಗಳು ಹೊಗೆಯ ಹಾಗೆ ಕರಗುತ್ತವೆ. ಕಂಬಿಗೆ ಮಾಡಿದರೆ ವಸ್ತು ಮಸುಕು. ಎರಡೂ ಬೇಕೆಂದರೆ ಅಪರ್ಚರನ್ನು, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯನ್ನು, ಎಫ್ 22ರ ತನಕ ಕಿರಿದು ಮಾಡಬೇಕು (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಎಫ್ 4ಕ್ಕಿಂತ ಅಲ್ಲಿ ಬೆಳಕು ಸುಮಾರು ಮೂವತ್ತು ಪಟ್ಟು ಕಡಿಮೆ, ಸೆಕೆಂಡಿನ ಮೂವತ್ತನೇ ಒಂದು ಭಾಗದ ಎಕ್ಸ್‌ಪೋಷರ್ ಪೂರ್ತಿ ಒಂದು ಸೆಕೆಂಡಾಗುತ್ತದೆ. ಅಷ್ಟು ಹೊತ್ತು ಪಂಜರ ಕೂದಲೆಳೆಯಷ್ಟೂ ತೂಗಬಾರದು. ಜೊತೆಗೆ ಕಪ್ಪು ವಸ್ತು ಬೆಳಕನ್ನು ನುಂಗುತ್ತದೆ. ಎದುರಿನಿಂದ ಬೆಳಕು ಬಿಟ್ಟರೆ ಕಂಬಿಗಳ ನೆರಳು ಅದರ ಮೇಲೆ ಗೀರೆಳೆಯುತ್ತದೆ, ಪಕ್ಕದಿಂದ ಬಿಟ್ಟರೆ ಅಂಚು ಮಾತ್ರ ಹೊಳೆದು ಆಕಾರ ತಿಳಿಯುತ್ತದೆ.

ಮತ್ತೆ ಮತ್ತೆ ಅನ್ನಿಸುವುದು ಇಷ್ಟು. ಹಕ್ಕಿಯ ದನಿಯನ್ನು ಕಂಬಿ ತಡೆಯದು, ಕೂಗಿದರೆ ಬೀದಿಗೂ ಕೇಳುತ್ತದೆ. ಟೆಲಿಫೋನ್ ಮಾತಾಡಬೇಕಾದರೆ ತಂತಿ ಬೇಕು, ಆಚೆ ಕಡೆ ಒಬ್ಬರು ಬೇಕು, ನಡುವೆ ಮೂರನೆಯ ಕಿವಿ ಇರಬಾರದು. ನಾಲ್ಕು ಸಂಚಿಕೆಯ ಸಂಪಾದಕರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಈ ಸಲವಂತೂ ಅರ್ಥ ಕೇಳಿ ಹಿಡಿಯಲು ಒಂದು ಸಾಲೂ ಇರಲಿಲ್ಲ.

ತಮ್ಮ ಪತ್ರಿಕೆ ನಿಂತ ವರ್ಷವೇ ಅವರು ಟೋಕಿಯೊದ ಕಿತಾಸೊನೊ ಕಾತ್ಸುಯೆ ನಡೆಸುತ್ತಿದ್ದ 'ವೌ' ಬಳಗ ಸೇರಿದರು. ಕಿತಾಸೊನೊ ಕೂಡ ಕವಿ, ಮುಂದೆ ಕ್ಯಾಮೆರಾದಲ್ಲೇ ಕವಿತೆ ಮಾಡಿದವರು. 1935ರಿಂದ 1978ರಲ್ಲಿ ತೀರಿಕೊಳ್ಳುವ ತನಕ, ಯುದ್ಧಕಾಲದ ಬಿಡುವು ಬಿಟ್ಟರೆ, ಬಳಗದ ಪತ್ರಿಕೆ 'ವೌ'ನ 160 ಸಂಚಿಕೆ ತಂದರು. ಆ ಹಟಕ್ಕೆ ಕೈಮುಗಿಯುತ್ತೇನೆ. ಆದರೆ ಯುದ್ಧಕಾಲದಲ್ಲಿ ದೇಶಭಕ್ತಿಯ ಪದ್ಯ ಬರೆದುಕೊಟ್ಟದ್ದನ್ನು ಮರೆಯಲು ನನ್ನಿಂದಾಗದು. ನೂರರವತ್ತು ಸಂಚಿಕೆ ಒಂದು ಕಡೆ, ನಾಲ್ಕು ಇನ್ನೊಂದು ಕಡೆ ಇಟ್ಟರೆ ನನ್ನ ಕೈ ನಾಲ್ಕರ ಕಡೆಗೇ ಹೋಗುತ್ತದೆ.

ಯಾಮಾಮೊಟೊ 1987ರಲ್ಲಿ ತೀರಿಕೊಂಡರು. ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂ ಅವರ ಚಿತ್ರಗಳನ್ನು ಇನ್ನೊಬ್ಬ ಜಪಾನಿ ಫೋಟೊಗ್ರಾಫರ್ ಹಮಾಯಾ ಹಿರೋಶಿಯವರ ಚಿತ್ರಗಳ ಜೊತೆ ದೊಡ್ಡದಾಗಿ ತೋರಿಸಿದ್ದು 2013ರಲ್ಲಿ.