ಆ ಮೂರು ದಿನ ಟ್ರೇನ್ ಇತ್ತು

ಮುಂಬೈನ ಒಂದು ಆಸ್ಪತ್ರೆಯಲ್ಲಿ ನಾನು ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್. ಊರು ಧಾರವಾಡದ ಕಡೆ. ಟ್ರಯಲ್‌ಗೆ, ಅಂದರೆ ಔಷಧಿಯನ್ನು ಜನರಲ್ಲಿ ಪರೀಕ್ಷಿಸಿ ನೋಡುವುದಕ್ಕೆ, ಯಾರನ್ನು ಸೇರಿಸಬಹುದು, ಯಾರನ್ನು ಸೇರಿಸಬಾರದು ಅಂತ ಪಟ್ಟಿ ಹಿಡಿದು ನೋಡುವುದೇ ದಿನವಿಡೀ ಕೆಲಸ. ನಿರ್ಧಾರ ಡಾಕ್ಟರದ್ದು, ಕಾಗದವೆಲ್ಲ ನನ್ನದು.

ಒಮ್ಮೆ ಎಂಎಸ್ ಇರುವವರ ಮೂತ್ರದ ತೊಂದರೆಗೆ ಒಂದು ಮಾತ್ರೆಯ ಟ್ರಯಲ್ ಬಂತು. ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲಿನ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಮಿದುಳು, ಬೆನ್ನುಹುರಿ, ಮೂತ್ರಚೀಲದ ನಡುವೆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಕೆಲವರಿಗೆ ಚೀಲ ತುಂಬುವ ಮೊದಲೇ ಅವಸರ. ಕೆಲವರಿಗೆ ಹೋಗಿ ಬಂದರೂ ಪೂರ್ತಿ ಖಾಲಿ ಆಗುವುದಿಲ್ಲ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ.

ಪಟ್ಟಿ ಉದ್ದ ಇತ್ತು. ವಯಸ್ಸು 18ರಿಂದ 65. ಕಳೆದ 3 ತಿಂಗಳಲ್ಲಿ ಎಂಎಸ್ ಮರುಕಳಿಸಿರಬಾರದು. ಬಸುರಿ ಆಗಿರಬಾರದು. ಮೂತ್ರದಲ್ಲಿ ಸೋಂಕು ಇರಬಾರದು, ಯಾಕಂದ್ರೆ ಸೋಂಕಿನಿಂದಲೂ ಇದೇ ಅವಸರ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕುಡಿದದ್ದು, ಒಂದಕ್ಕೆ ಹೋದದ್ದು ಎಲ್ಲ ಬರೆಯುವ 3 ದಿನದ ಡೈರಿಯಲ್ಲಿ ದಿನಕ್ಕೆ ಸರಾಸರಿ 8 ಸಲವಾದರೂ ಹೋಗಿರಬೇಕು. ಅದು ಪಾಸಾದರೆ ಮಾತ್ರ ಮುಂದಿನ ಭೇಟಿಯಲ್ಲಿ ಮೂತ್ರಚೀಲದ ಸ್ಕ್ಯಾನ್.

ಫಾರಂನ ಕನ್ನಡದ ಬಗ್ಗೆ ಒಂದು ಮಾತು. ಅದರಲ್ಲಿ 'ಮೂತ್ರ ವಿಸರ್ಜನೆಯ ತುರ್ತು' ಅಂತ ಇತ್ತು. ಎಥಿಕ್ಸ್ ಕಮಿಟಿ ಒಪ್ಪಿದ ಕಾಗದ, ಒಂದಕ್ಷರ ಬದಲಿಸುವಂತಿಲ್ಲ. ಆದರೆ ಹೀಗೆ ಯಾರು ಮಾತಾಡುತ್ತಾರೆ ಹೇಳಿ? 'ಒಂದಕ್ಕೆ ಬಂದರೆ ತಡೆಯೋಕೆ ಆಗುತ್ತಾ?' ಅಂತ ಬಾಯಲ್ಲಿ ಕೇಳಿದ ಮೇಲೇ ಉತ್ತರ ಬರುತ್ತಿತ್ತು.

ಮುಂಬೈ ಪಕ್ಕದ ಡೊಂಬಿವಲಿಯಿಂದ ಒಬ್ಬರು ಬಂದರು. ನಲವತ್ತು ದಾಟಿದವರು, ಕಲಬುರಗಿ ಕಡೆಯವರು, ದಾದರ್‌ನಲ್ಲಿ ಕೆಲಸ. (ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ.) ಕನ್ನಡ ಕೇಳಿದ್ದೇ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಅವರಿಗೆ ಡೈರಿ ಕೊಟ್ಟೆ, ಅಳತೆಗೆ ಗೆರೆ ಇರುವ ಪ್ಲಾಸ್ಟಿಕ್ ಲೋಟ ಕೊಟ್ಟೆ. 'ಯಾವುದಾದರೂ ಮೂರು ದಿನ ಬರೆಯಿರಿ' ಅಂದೆ. ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

ಡೈರಿ ವಾಪಸ್ ಬಂತು. ಸರಾಸರಿ 6. ಲಾಗ್‌ನಲ್ಲಿ 'ಸ್ಕ್ರೀನ್ ಫೇಲ್', ಅಂದರೆ ಟ್ರಯಲ್‌ಗೆ ಸೇರಿಸುವಂತಿಲ್ಲ ಅಂತ ಬರೆದೆ. ಪೆನ್ ಮುಚ್ಚುವಾಗ ಮತ್ತೊಮ್ಮೆ ಕಣ್ಣು ಹೋಯಿತು. ಮೂರೂ ದಿನ ಬೆಳಿಗ್ಗೆ 5:40ಕ್ಕೆ ಒಂದು ಸಾಲು. ಆಮೇಲೆ ಮಧ್ಯಾಹ್ನದವರೆಗೆ ಪುಟ ಖಾಲಿ. ಕುಡಿದದ್ದರ ಕಾಲಂನಲ್ಲಿ 'ಅರ್ಧ ಕಪ್ ಚಹಾ'. ಅಷ್ಟೇ.

'ಮಧ್ಯ ಬರೆಯೋದು ಮರೆತಿರಾ?' ಅಂತ ಕೇಳಿದೆ.

'ಮರೆತಿಲ್ರೀ. ಆ ಮೂರು ದಿನ ಟ್ರೇನ್ ಇತ್ತು.'

ಲೋಕಲ್‌ನಲ್ಲಿ ಶೌಚಾಲಯ ಇಲ್ಲ. ಡೊಂಬಿವಲಿಯಿಂದ ದಾದರ್‌ಗೆ ಹತ್ತಿರಹತ್ತಿರ ಒಂದು ಗಂಟೆ. ಹಾಗಾಗಿ ರಾತ್ರಿ ಊಟ ಆದಮೇಲೆ ನೀರು ಬಂದ್. ಬೆಳಿಗ್ಗೆ ಗಂಟಲು ಒದ್ದೆ ಆಗುವಷ್ಟು ಚಹಾ. ಒಮ್ಮೆ ಠಾಣೆ ಹತ್ತಿರ ಬಟ್ಟೆ ಒದ್ದೆಯಾದ ಮೇಲೆ ಶುರು ಮಾಡಿದ ಉಪಾಯವಂತೆ. ಅಂಗವಿಕಲರ ಡಬ್ಬಿಯಲ್ಲೇ ಬರುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಎಂಎಸ್ ಕೂಡ ಇದೆ, ಸರ್ಟಿಫಿಕೇಟೂ ಇದೆ. ಆದರೂ 'ನಿಮಗೇನಾಗಿದೆ?' ಅಂತ ದಿನಾ ಒಬ್ಬರಾದರೂ ಕೇಳುತ್ತಾರಂತೆ. ಅದಕ್ಕೆ ಅವರು ಕೊಡುವ ಉತ್ತರ ಇಲ್ಲಿ ಬರೆಯುವಂಥದ್ದಲ್ಲ!

ತಪ್ಪು ನನ್ನದೇ. ಪ್ರೋಟೋಕಾಲ್‌ನಲ್ಲಿ, ಅಂದರೆ ಟ್ರಯಲ್‌ನ ನಿಯಮದ ಕಾಗದದಲ್ಲಿ ಇದ್ದದ್ದು 'ಮಾಮೂಲಿ ದಿನಗಳು', 'ಮಾಮೂಲಿನಂತೆ ನೀರು'. ನಾನು ಹೇಳಿದ್ದು 'ಯಾವುದಾದರೂ'. ಅವರು ಕೆಲಸದ ದಿನಗಳನ್ನೇ ಹಿಡಿದರು. 6 ಅನ್ನುವ ಅಂಕಿ ಕಾಯಿಲೆ ಎಷ್ಟಿದೆ ಅಂತ ಹೇಳುತ್ತಿರಲಿಲ್ಲ, ಅವರು ಎಷ್ಟು ಬಾಯಾರಿದ್ದರು ಅಂತ ಹೇಳುತ್ತಿತ್ತು. ಹಾಗಂತ ನೀರು ಜಾಸ್ತಿ ಕುಡಿದು ಬರೆಯಿರಿ ಅಂತ ನಾನು ಹೇಳುವಂತಿಲ್ಲ. ಅದು ಅಂಕಿ ತಯಾರಿಸಿದ ಹಾಗೆ. ನೀರು ಕುಡಿಯದೆ ಇರುವುದೇ ಅವರಿಗೆ ಮಾಮೂಲಾಗಿದ್ದರೆ ಯಾವ ದಿನ ಮಾಮೂಲಿ? ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಡಾಕ್ಟರಿಗೆ ಹೇಳಿದೆ, ಆದದ್ದನ್ನು ಆದ ಹಾಗೆ ಬರೆದಿಟ್ಟೆ. ಮೊದಲ ಡೈರಿಯನ್ನು ತಿದ್ದಲಿಲ್ಲ. ಒಂದು ಸಲ ಮತ್ತೆ ಸ್ಕ್ರೀನ್ ಮಾಡಲು ಅವಕಾಶ ಇತ್ತು. ಟ್ರಯಲ್ ನಡೆಸುವ ಕಂಪನಿಯ ವೈದ್ಯರನ್ನು ಕೇಳಿ, ರಜೆ ಮತ್ತು ಕೆಲಸದ ದಿನ ಎರಡೂ ಬರುವಂತೆ ಹೊಸ ಡೈರಿ ಕೊಟ್ಟೆವು. ಸರಾಸರಿ 11 ಬಂತು. ಇನ್ನೊಬ್ಬರು ಸೇರುತ್ತಾರೆ ಅಂತ ನನಗೆ ಖುಷಿ. ಎಷ್ಟು ಜನ ಸೇರಿದರು ಅಂತ ಪ್ರತಿ ಶುಕ್ರವಾರ ಲೆಕ್ಕ ಕೊಡಬೇಕು ನೋಡಿ.

ಸ್ಕ್ಯಾನ್ ದಿನ ಅವರು ಒಂದಕ್ಕೆ ಹೋಗಿ ಬಂದು ಮಲಗಿದರು. ಹೊಟ್ಟೆಯ ಕೆಳಗೆ ಜೆಲ್ ಹಚ್ಚಿ ಮಷಿನ್ ಇಟ್ಟರು. ಪರದೆಯಲ್ಲಿ 210 ಮಿಲಿಲೀಟರ್. ಖಾಲಿ ಮಾಡಿ ಬಂದ ಮೇಲೂ ಒಂದು ಲೋಟದಷ್ಟು ಒಳಗೇ ಉಳಿದಿತ್ತು. ನಮ್ಮ ಮಿತಿ 150. ಆ ಮಾತ್ರೆ ಮೂತ್ರಚೀಲದ ಸ್ನಾಯುವನ್ನು ಸಡಿಲ ಮಾಡುವಂಥದ್ದು. ಮೊದಲೇ ಸರಿಯಾಗಿ ಹಿಂಡದ ಚೀಲಕ್ಕೆ ಅದನ್ನು ಕೊಟ್ಟರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಮತ್ತೆ ಫೇಲ್.

ನನ್ನ ಮುಖ ಇಳಿದದ್ದು ಅವರಿಗೆ ಕಂಡಿತೇನೋ. 'ನೀವ್ಯಾಕ್ರೀ ಬೇಜಾರಾಗ್ತೀರಿ?' ಅಂದರು. ಮೊದಲ 6ಕ್ಕೇ ಕಳಿಸಿಬಿಟ್ಟಿದ್ದರೆ ಈ 210 ಅವತ್ತು ಯಾರಿಗೂ ಕಾಣುತ್ತಿರಲಿಲ್ಲ. ಮೂತ್ರದ ಕಾಯಿಲೆ ನೋಡುವ ಯೂರಾಲಜಿ ವಿಭಾಗಕ್ಕೆ ಕಳಿಸಿದೆವು. ದಿನಕ್ಕೆ ಇಷ್ಟು ಸಲ ಅಂತ ತಾವೇ ಸಣ್ಣ ಕೊಳವೆ ಹಾಕಿ ಖಾಲಿ ಮಾಡಿಕೊಳ್ಳುವುದನ್ನು ಅಲ್ಲಿನ ನರ್ಸ್ ಕಲಿಸಿದರು. ಮೊದಲ ವಾರ ಅತ್ತರಂತೆ, ಆಮೇಲೆ ರೂಢಿಯಾಯಿತು.

ಈಗ ಡೈರಿ ಕೊಡುವ ಮುಂಚೆ 'ಈ ವಾರ ಯಾವ ದಿನ ಟ್ರೇನ್?' ಅಂತ ಕೇಳುತ್ತೇನೆ. ಕೆಲವರು ನಗುತ್ತಾರೆ. ಜಾಸ್ತಿ ಜನ ನಗುವುದಿಲ್ಲ.

ಎರಡು ತಿಂಗಳಾದ ಮೇಲೆ ಅವರ ಫೋನ್ ಬಂತು. ಏನೋ ತೊಂದರೆ ಆಗಿದೆ ಅಂದುಕೊಂಡೆ. ಗೆರೆ ಇರುವ ಲೋಟ ಟ್ರಯಲ್‌ನದ್ದಲ್ವಾ, ವಾಪಸ್ ಕೊಡಬೇಕಾ ಅಂತ ಕೇಳಲು ಮಾಡಿದ್ದರು. ಕೊಳವೆ ಹಾಕಿದಾಗಲೂ ಅದರಲ್ಲೇ ಅಳೆಯುತ್ತಾರಂತೆ.

ಇಟ್ಟುಕೊಳ್ಳಿ ಅಂದೆ.