ಗೇನ್ 11 ಹಾಕಿ ಸುಟ್ಟ ಮಾಸ್ಫೆಟ್

ದಾವಣಗೆರೆಯ ನಮ್ಮ ಕಾಲೇಜು ಲ್ಯಾಬಿನ ಟೆಕ್ ಫೆಸ್ಟಿಗೆ ಹಾಡುವ ಪ್ಲಾಸ್ಮಾ (ಹೈವೋಲ್ಟೇಜ್ ಕಿಡಿಯಿಂದಲೇ ಹಾಡು ಕೇಳಿಸುವ ಸಾಧನ) ಮಾಡಲು ಟಿಎಲ್072 ಎಂಬ ಆಪ್‌ಆಂಪ್‌ಗೆ, ಅಂದರೆ ಸಣ್ಣ ಆಡಿಯೋ ಸಿಗ್ನಲ್ ಹಿಗ್ಗಿಸುವ ಐಸಿಗೆ, ಇಂಡೆಂಟ್ (ಬೇಡಿಕೆ ಚೀಟಿ) ಹಾಕಿದ್ದೆವು. ಮೂರು ವಾರ ಕಾಯಿಸಿ ಸ್ಟೋರಿನವರು ಕೊಟ್ಟದ್ದು ಎಲ್‌ಎಂ358, ಬೇರೆಯೇ ಆಪ್‌ಆಂಪ್. "ಅದೂ ಎಂಟು ಕಾಲಿಂದೇ ಐತಲ್ರೀ ಸರ." ಅವರನ್ನು ಬೈದುಕೊಂಡದ್ದೇ ಬಂತು, ಮಾಸ್ಫೆಟ್ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಸುಟ್ಟದ್ದು ಮಾತ್ರ ನನ್ನ ತಪ್ಪಿನಿಂದ.

ಡ್ರೈವರ್ ಮಾಮೂಲಿಯದು. ಪಲ್ಸ್ ಹುಟ್ಟಿಸುವ ಐಸಿ ಟಿಎಲ್494ರ 5ನೇ ಪಿನ್ನಿಗೆ 10 ನ್ಯಾನೋಫ್ಯಾರಡ್ ಕೆಪಾಸಿಟರ್, 6ಕ್ಕೆ 2.2ಕೆ (ಕಿಲೋಓಮ್) ರೆಸಿಸ್ಟರ್, 13 ಗ್ರೌಂಡಿಗೆ. ಸುಮಾರು 50 ಕಿಲೋಹರ್ಟ್ಸ್. ಗೇಟ್ ಡ್ರೈವರ್ ದಾಟಿ ಐಆರ್‌ಎಫ್‌ಪಿ250 ಮಾಸ್ಫೆಟ್, ಆಮೇಲೆ ರಿಪೇರಿ ಅಂಗಡಿಯ ಗುಜರಿಯಿಂದ ತಂದ ಹಳೇ ಟಿವಿಯ ಇಎಚ್‌ಟಿ (ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್). ಅದರ ಫೆರೈಟ್ ಕೋರಿನ ಕಾಲಿಗೆ ನಾವೇ ಎಂಟು ಸುತ್ತು ಸುತ್ತಿದ್ದು. ಆಡಿಯೋ ಹೋಗುವುದು 4ನೇ ಪಿನ್ನಿಗೆ. ಅಲ್ಲಿ 0 ವೋಲ್ಟ್ ಇದ್ದರೆ ಪಲ್ಸ್ ಪೂರ್ತಿ ಅಗಲ, 3 ವೋಲ್ಟಿಗೆ ಪೂರ್ತಿ ಬಂದ್.

ಆ ಮೂರು ವೋಲ್ಟಿನ ಲೆಕ್ಕವನ್ನೇ ನಾನು ಹಿಡಿಯಲಿಲ್ಲ. ಶಬ್ದ ಜೋರಾಗಲಿ ಎಂದು ಆಪ್‌ಆಂಪಿನ ಪ್ರೀಆಂಪಿಗೆ ಫೀಡ್‌ಬ್ಯಾಕಿನಲ್ಲಿ 100ಕೆ, ಗ್ರೌಂಡಿಗೆ 10ಕೆ ಹಾಕಿದೆ; ಗೇನ್, ಅಂದರೆ ಸಿಗ್ನಲ್ ಹಿಗ್ಗುವ ಪಟ್ಟು, 11 ಆಯಿತು. ಮೊಬೈಲಿನ 0.8 ವೋಲ್ಟ್ ಪೀಕ್-ಟು-ಪೀಕ್ ಹೊರಗೆ ಬಂದಾಗ ಒಂಬತ್ತರ ಹತ್ತಿರ. ಅತಿಥಿಗಳು ಮೆಟ್ಟಿಲು ಹತ್ತುತ್ತಿದ್ದಾರೆ, ಎಚ್‌ಒಡಿ ಬಾಗಿಲಲ್ಲೇ ನಿಂತಿದ್ದಾರೆ, ತಬಲಾ ಪೆಟ್ಟು ಬಂದಾಗಲೆಲ್ಲ ಕಿಡಿ ಪಟ್ ಅಂತ ಆರುತ್ತಿದೆ. ಸಿಗ್ನಲ್ ಸಾಲುತ್ತಿಲ್ಲ ಅಂದುಕೊಂಡು ವಾಲ್ಯೂಮ್ ಇನ್ನೂ ಏರಿಸಿದೆ! ಮೀಟರಿನ ಮುಳ್ಳು 3 ಆಂಪ್ಸಿನಿಂದ 7ಕ್ಕೆ ಹಾರಿತು, ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾದಿತ್ತು, ಮರುಗಳಿಗೆ ಮಾಸ್ಫೆಟ್ ಶಾರ್ಟ್. ಆಡಿಯೋ ಮೇಲಕ್ಕೆ ಹೋದಾಗ ಪಲ್ಸ್ ನಿಂತು ಕಿಡಿ ಆರುತ್ತಿತ್ತು. ಕೆಳಕ್ಕೆ ಬಂದಾಗ ಡ್ಯೂಟಿ (ಪಲ್ಸ್ ಆನ್ ಇರುವ ಪಾಲು) ಪೂರ್ತಿ ತೆರೆದು ಕೋರ್ ಸ್ಯಾಚುರೇಟ್ ಆಗುತ್ತಿತ್ತು, ಅಂದರೆ ಕಾಂತತ್ವ ತುಂಬಿ ಕರೆಂಟ್ ತಡೆಯಿಲ್ಲದೆ ಏರುತ್ತಿತ್ತು. 4ನೇ ಪಿನ್ ಗ್ರೌಂಡಿಗಿಂತ ಕೆಳಗಿಳಿದು 494 ಐಸಿಯೂ ಹೋಗಿತ್ತು.

ಈಗಿನ ಪ್ರೀಆಂಪಿನ ಗೇನ್ ಬರೀ 2: ಫೀಡ್‌ಬ್ಯಾಕಿಗೆ 10ಕೆ, ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಮೂಲಕ 10ಕೆ. ಫೀಡ್‌ಬ್ಯಾಕಿಗೆ ಸಮಾಂತರವಾಗಿ 1 ನ್ಯಾನೋಫ್ಯಾರಡ್. 12 ವೋಲ್ಟನ್ನು ಎರಡು 100ಕೆಯಿಂದ ಅರ್ಧ ಮಾಡಿ ಬಯಾಸ್ (ಸಿಗ್ನಲ್ ಏರಿಳಿಯಲು ಬೇಕಾದ ನಡುಮಟ್ಟ), ಆ ಬಿಂದುವಿಗೂ 10 ಮೈಕ್ರೋಫ್ಯಾರಡ್, ಅಲ್ಲಿಂದ ಪ್ಲಸ್ ಪಿನ್ನಿಗೆ 100ಕೆ. ಇನ್‌ಪುಟ್ಟಿಗೆ ವಾಲ್ಯೂಮ್ ಪಾಟ್ 10ಕೆ, 1 ಮೈಕ್ರೋಫ್ಯಾರಡ್, ಸಾಲಿನಲ್ಲಿ 1ಕೆ, ಗ್ರೌಂಡಿಗೆ 470 ಪಿಕೋ. ಈ ಕೊನೆಯ ಎರಡನ್ನು ಬಿಟ್ಟರೆ ಕಿಡಿಯ ಗಲಾಟೆಯೆಲ್ಲ ಆಪ್‌ಆಂಪ್ ಒಳಗೆ ನುಗ್ಗುತ್ತದೆ. ಎಲ್‌ಎಂ358 ಆದರೆ ಔಟ್‌ಪುಟ್‌ನಿಂದ ಗ್ರೌಂಡಿಗೆ 2.2ಕೆ ಹಾಕಲೇಬೇಕು, ಇಲ್ಲದಿದ್ದರೆ ಕ್ರಾಸ್‌ಓವರಿನಿಂದ (ಒಳಗಿನ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಕೈ ಬದಲಿಸುವಾಗಿನ ತೊಡಕು) ಸಣ್ಣ ದನಿಗಳು ಕರಕರ ಎನ್ನುತ್ತವೆ.

14ನೇ ಪಿನ್ನಿನ 5 ವೋಲ್ಟಿಗೆ 10ಕೆ ಪಾಟ್, ಅದರ ನಡುಕಾಲಿನಿಂದ 10ಕೆ ಮೂಲಕ 4ನೇ ಪಿನ್ನಿಗೆ, 2 ವೋಲ್ಟಿನಲ್ಲಿ ನಿಲ್ಲಿಸಿ. ಆಡಿಯೋ 1 ಮೈಕ್ರೋಫ್ಯಾರಡ್‌ನಿಂದ ಅಲ್ಲಿಗೇ ಸೇರಲಿ. ಗ್ರೌಂಡಿನಿಂದ ಪಿನ್ನಿಗೆ ಒಂದು 1ಎನ್5819 ಡಯೋಡ್, ಕ್ಯಾಥೋಡ್ ಪಿನ್ನಿನ ಕಡೆಗೆ.

ಇಎಚ್‌ಟಿಯ ಗ್ರೌಂಡ್ ದಪ್ಪ ವೈರಿನಲ್ಲಿ ನೇರ ಸಪ್ಲೈಗೆ ಹೋಗಬೇಕು, ಪ್ರೀಆಂಪಿನದು ಬೇರೆ ವೈರಿನಲ್ಲಿ 494ರ 7ನೇ ಪಿನ್ನಿಗೆ. ಪ್ರೀಆಂಪಿನ 12 ವೋಲ್ಟ್ 100 ಓಮ್, 100 ಮೈಕ್ರೋಫ್ಯಾರಡ್ ದಾಟಿಯೇ ಬರಲಿ. ಬೋರ್ಡು ತಗಡಿನ ಬಿಸ್ಕತ್ ಡಬ್ಬಿಯೊಳಗೆ, ಕಿಡಿಯಿಂದ ಒಂದು ಮೊಳ ದೂರ. ಮೊಬೈಲಿಗೆ ವೈರ್ ಬೇಡವೇ ಬೇಡ. ಸ್ವಂತ ಬ್ಯಾಟರಿಯ ಬ್ಲೂಟೂತ್ ರಿಸೀವರ್ ಸಾಕು, ಅದನ್ನೂ ಆಗ ಚಾರ್ಜಿಗೆ ಹಾಕಬಾರದು. ಓಜೋನ್ ವಾಸನೆ ತುಂಬುತ್ತದೆ, ಕಿಟಕಿ ತೆರೆದಿರಲಿ.

ಇಎಚ್‌ಟಿ ಜೋಡಿಸುವ ಮುಂಚೆ 4ನೇ ಪಿನ್ನಿಗೆ ಆಸಿಲೋಸ್ಕೋಪ್ ಇಟ್ಟು ಹಾಡಿನ ಅತಿ ಜೋರಾದ ಭಾಗ ಹಾಕಿ. 1.5ರಿಂದ 2.5 ವೋಲ್ಟಿನ ಮಿತಿ ದಾಟಿದರೆ ವಾಲ್ಯೂಮ್ ಪಾಟ್ ಇಳಿಸಿ. ನಮ್ಮ ಲ್ಯಾಬಿನ ನಾಲ್ಕು ಸ್ಕೋಪುಗಳಲ್ಲಿ ನೆಟ್ಟಗಿನ ಪ್ರೋಬ್ ಇರುವುದು ಒಂದಕ್ಕೇ, ಅದಕ್ಕೂ ಇಂಡೆಂಟ್ ಹೋಗಿದೆ.