ಕುದುರೆಮುಖದ ಅಪ್ಪ, ಲೇಕ್ ಕೌಂಟಿಯ ಅದಿರು

ಮಿನ್ನೆಸೋಟಾದ ಕನ್ನಡದವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ತೋರಿಸುವ ಜಾಗಗಳು ಹೆಚ್ಚುಕಮ್ಮಿ ಒಂದೇ. ಮಾಲ್ ಆಫ್ ಅಮೆರಿಕಾ, ಮೇಪಲ್ ಗ್ರೋವ್‌ನ ದೇವಸ್ಥಾನ, ಆಮೇಲೆ ಸುಪೀರಿಯರ್ ಸರೋವರದ ದಡ. ಅಪ್ಪನಿಗೆ ಮಾಲ್ ಅರ್ಧ ಗಂಟೆಗೇ ಸಾಕಾಯಿತು. ಸರೋವರದ ದಡದಿಂದ ಮಾತ್ರ ಅವರನ್ನು ವಾಪಸ್ ಕಾರು ಹತ್ತಿಸುವುದೇ ಕಷ್ಟವಾಯಿತು. ಅದಕ್ಕೆ ಕಾರಣ ನೀರಲ್ಲ, ಅದಿರು.

ಅಪ್ಪ ಕುದುರೆಮುಖದ ಕಬ್ಬಿಣದ ಗಣಿಯಲ್ಲಿ ಕ್ರಷರ್ ವಿಭಾಗದಲ್ಲಿದ್ದವರು. ನಾನು ಹುಟ್ಟಿ ಬೆಳೆದದ್ದು ಅಲ್ಲಿಯ ಟೌನ್‌ಶಿಪ್ಪಿನಲ್ಲೇ. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅಪ್ಪನಿಗೆ ಮಂಗಳೂರಿಗೆ ವರ್ಗವಾಯಿತು. ಈಗ ರಿಟೈರ್ ಆಗಿ ಕಳಸದ ಹತ್ತಿರ ಅಡಿಕೆ ನೋಡಿಕೊಂಡಿದ್ದಾರೆ. ಆದರೂ ಕೆಂಪು ಧೂಳು ಕಂಡರೆ ಸಾಕು, ಅವರ ಕಿವಿ ನೆಟ್ಟಗಾಗುತ್ತದೆ.

ದುಲೂತ್ ದಾಟಿ ಹೈವೇ 61ರಲ್ಲಿ ಸ್ವಲ್ಪ ದೂರ ಹೋದರೆ ಲೇಕ್ ಕೌಂಟಿ ಶುರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತ ದೊಡ್ಡ ಜಾಗ, ಜನ ಮಾತ್ರ ಸುಮಾರು 11 ಸಾವಿರ. ಬಲಕ್ಕೆ ಸಮುದ್ರದಂತಹ ಸರೋವರ, ಎಡಕ್ಕೆ ಕಾಡು. ಮಧ್ಯೆ ಕಪ್ಪು ಬಂಡೆ. ಸುಮಾರು 110 ಕೋಟಿ ವರ್ಷಗಳ ಹಿಂದೆ ಇಲ್ಲಿ ಭೂಮಿ ಸೀಳಿ ಲಾವಾ ಉಕ್ಕಿತ್ತು. ಅದೇ ಆರಿ ಬಂಡೆಯಾಗಿ ಕೂತಿದೆ. ಮಣ್ಣಿನ ಪದರ ತೆಳು, ಬೇಸಿಗೆ ಗಿಡ್ಡ. ಬೇಸಾಯ ಅಷ್ಟಕ್ಕಷ್ಟೇ. 1854ರ ಒಪ್ಪಂದದಲ್ಲಿ ಇಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರಿಂದ ಈ ನೆಲ ಅಮೆರಿಕ ಸರ್ಕಾರದ ಕೈಗೆ ಹೋಯಿತು. ಆಮೇಲೆ ಬಂದವರೆಲ್ಲ ಮರ, ಮೀನು, ಇಲ್ಲವೇ ಕಲ್ಲು ನಂಬಿ ಬಂದವರು. ನಾರ್ವೆಯವರು ದಡದಲ್ಲಿ ಹೆರಿಂಗ್ ಮೀನಿಗೆ ಬಲೆ ಹಾಕಿದರು. ಫಿನ್‌ಲ್ಯಾಂಡಿನವರು ಕಾಡೊಳಗೆ ಹೋಗಿ ಊರು ಕಟ್ಟಿ ಅದಕ್ಕೂ ಫಿನ್‌ಲ್ಯಾಂಡ್ ಅಂತಲೇ ಹೆಸರಿಟ್ಟರು.

ಟೂ ಹಾರ್ಬರ್ಸ್ ಈ ಕೌಂಟಿಯ ಮುಖ್ಯ ಊರು. 1884ರಲ್ಲಿ ಸೂಡಾನ್ ಗಣಿಯಿಂದ ಮೊದಲ ಅದಿರಿನ ರೈಲು ಬಂದು ನಿಂತದ್ದು ಇಲ್ಲೇ. ನಾವು ಹೋದಾಗ ಅಗೇಟ್ ಬೇ ಡಾಕ್‌ನಲ್ಲಿ ಒಂದು ಹಡಗು ಲೋಡ್ ಆಗುತ್ತಿತ್ತು. ದಡದಲ್ಲಿ ವಯಸ್ಸಾದವರು ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ನೋಡುತ್ತಿದ್ದರು. ಹಡಗು ನೋಡುವುದೇ ಇಲ್ಲಿ ಕೆಲವರಿಗೆ ದಿನದ ಕೆಲಸ. ಅಪ್ಪ ಅವರ ಪಕ್ಕದಲ್ಲೇ ಜಾಗ ಹಿಡಿದರು. ಆಮೇಲೆ ಕಲ್ಲುಗಳ ನಡುವೆ ಕೈಯಾಡಿಸಿ, ಅರೆದ ಅದಿರನ್ನು ಉಂಡೆ ಕಟ್ಟಿ ಸುಟ್ಟ ಒಂದು ಕಂದು ಗುಂಡು ಎತ್ತಿದರು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಎರಡು ಬೆರಳ ನಡುವೆ ಒತ್ತಿ ನೋಡಿ, "ಪೆಲೆಟ್. ಚೆನ್ನಾಗಿ ಬೆಂದಿದೆ" ಅಂದರು, ಮದುವೆಮನೆಯಲ್ಲಿ ಅನ್ನ ಹಿಸುಕಿ ನೋಡುವ ಅಡುಗೆಭಟ್ಟರ ಧಾಟಿಯಲ್ಲಿ.

ಊರೊಳಗಿನ ಒಂದು ಕಥೆಗೆ ಅಪ್ಪ ಹೊಟ್ಟೆ ಹಿಡಿದು ನಕ್ಕರು. 1902ರಲ್ಲಿ ಇಲ್ಲಿಯ ಐದು ಜನ ಸೇರಿ ಒಂದು ಗಣಿ ಕಂಪನಿ ಮಾಡಿದರು. ಒಬ್ಬರು ಡಾಕ್ಟರ್, ಒಬ್ಬರು ವಕೀಲ, ಒಬ್ಬರು ಮಾಂಸದಂಗಡಿಯವರು, ಇಬ್ಬರು ರೈಲ್ವೆಯವರು. ದಡದಲ್ಲಿ ಸಿಕ್ಕ ಕಲ್ಲು ಕೊರಂಡಮ್ ಅನ್ನುವ ತುಂಬ ಗಟ್ಟಿ ಖನಿಜ, ಅದನ್ನು ಸಾಣೆ ಚಕ್ರದವರಿಗೆ ಮಾರಬಹುದು ಅಂತ ಲೆಕ್ಕ ಹಾಕಿದ್ದರು. ಆಮೇಲೆ ನೋಡಿದರೆ ಅದು ಅನಾರ್ಥೊಸೈಟ್, ಆ ಕೆಲಸಕ್ಕೆ ಬಾರದ ಮೆದು ಕಲ್ಲು. ಕಂಪನಿ ಉಪ್ಪುಕಾಗದ ಮಾಡಲು ಹೊರಟು ದುಲೂತ್‌ಗೆ, ಅಲ್ಲಿಂದ ಸೇಂಟ್ ಪಾಲ್‌ಗೆ ಹೋಯಿತು. ಅದೇ ಇವತ್ತಿನ ತ್ರೀಎಂ. "ನಮ್ಮ ಜಿಯಾಲಜಿಸ್ಟ್‌ಗೆ ಒಂದು ಫೋನ್ ಮಾಡಿದ್ರೆ ಹೇಳ್ತಿದ್ದ" ಅಂದರು ಅಪ್ಪ. ಪುಣ್ಯಕ್ಕೆ ಮಾಡಲಿಲ್ಲ ಅಲ್ವಾ? ಮಾಡಿದ್ದರೆ ಪೋಸ್ಟ್-ಇಟ್ ಚೀಟಿ ಇರುತ್ತಿರಲಿಲ್ಲ.

ಸ್ಪ್ಲಿಟ್ ರಾಕ್ ಲೈಟ್‌ಹೌಸ್ ಚೆಂದ. 1905ರ ನವೆಂಬರ್ ಬಿರುಗಾಳಿಗೆ ಹಡಗುಗಳು ಒಡೆದ ಮೇಲೆ ಕಟ್ಟಿದ್ದು. ಫೋಟೋ ತೆಗೆದೆವು, ಒಂದು ಫ್ರಿಜ್ ಮ್ಯಾಗ್ನೆಟ್ ತಗೊಂಡೆವು, ಹೊರಟೆವು. ಅಪ್ಪನ ಮನಸ್ಸೆಲ್ಲ ಸಿಲ್ವರ್ ಬೇ ಮೇಲಿತ್ತು.

ಸಿಲ್ವರ್ ಬೇ ನೋಡಿದರೆ ನನಗೇ ಒಂಥರಾ ಆಯಿತು. ಒಂದೇ ಅಚ್ಚಿನ ಮನೆಗಳು, ಶಾಲೆ, ಚಿಕ್ಕ ಶಾಪಿಂಗ್ ಸೆಂಟರ್. 1950ರ ದಶಕದಲ್ಲಿ ಗಣಿ ಕಂಪನಿ ಕಾಡು ಕಡಿದು ಕಟ್ಟಿದ ಊರು. ಥೇಟ್ ನಮ್ಮ ಟೌನ್‌ಶಿಪ್, ಮಳೆ ಒಂದು ಕಮ್ಮಿ. ಎರಡನೇ ಮಹಾಯುದ್ಧದ ಹೊತ್ತಿಗೆ ಮಿನ್ನೆಸೋಟಾದ ಒಳ್ಳೆ ಅದಿರು ಮುಗಿಯುತ್ತಾ ಬಂದಿತ್ತು. ಉಳಿದದ್ದು ಟ್ಯಾಕೊನೈಟ್, ಮೂರರಲ್ಲಿ ಒಂದು ಪಾಲೂ ಕಬ್ಬಿಣ ಇಲ್ಲದ ಗಟ್ಟಿ ಕಲ್ಲು. ಅದನ್ನು ಹಿಟ್ಟಿನಂತೆ ಅರೆದು, ಮ್ಯಾಗ್ನೆಟ್‌ನಿಂದ ಕಬ್ಬಿಣ ಎಳೆದು, ಗುಂಡು ಕಟ್ಟಿ ಸುಡುವ ದಾರಿಯನ್ನು ವರ್ಷಗಟ್ಟಲೆ ಕೂತು ಕಂಡುಕೊಂಡವರು ಮಿನ್ನೆಸೋಟಾ ವಿಶ್ವವಿದ್ಯಾಲಯದ ಇ. ಡಬ್ಲ್ಯೂ. ಡೇವಿಸ್. ಕುದುರೆಮುಖದಲ್ಲೂ ಬಡ ಅದಿರೇ, ಕೆಲಸವೂ ಅದೇ. ಇಲ್ಲಿ ಕಲ್ಲು ರೈಲಿನಲ್ಲಿ ಬಂದರೆ ನಮ್ಮಲ್ಲಿ ಅರೆದ ಹಿಟ್ಟು ನೀರಿನ ಜೊತೆ ಪೈಪಿನಲ್ಲಿ 67 ಕಿ.ಮೀ. ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿತ್ತು. "ಪೈಪೇ ವಾಸಿ" ಅಂತ ಅಪ್ಪನ ತೀರ್ಪು.

ಅರೆದ ಮೇಲೆ ಉಳಿಯುವ ಟೇಲಿಂಗ್ಸ್ ಎಲ್ಲಿ ಹಾಕುವುದು? ನಮ್ಮಲ್ಲಿ ಲಕ್ಯಾ ಡ್ಯಾಂ ಕಟ್ಟಿದರು. ಇಲ್ಲಿ ಸೀದಾ ಸರೋವರಕ್ಕೇ ಬಿಟ್ಟರು, ದಿನಕ್ಕೆ ಸುಮಾರು 67 ಸಾವಿರ ಟನ್. ದುಲೂತ್‌ನ ಕುಡಿಯುವ ನೀರಿನಲ್ಲಿ ಆಸ್‌ಬೆಸ್ಟಾಸ್‌ನಂತಹ ನಾರು ಸಿಕ್ಕಿದಾಗ ಗಲಾಟೆ ಎದ್ದಿತು. ಆಗ ಸುರಿದದ್ದರಲ್ಲಿ ಒಂದಿಷ್ಟು ದಡಕ್ಕೆ ಬಂದು ಕಪ್ಪು ಮರಳಾಗಿ ನಿಂತಿದೆ. ಈಗ ಅದರ ಹೆಸರು ಬ್ಲ್ಯಾಕ್ ಬೀಚ್, ಟೂರಿಸ್ಟ್‌ಗಳು ಸಾಲುಗಟ್ಟಿ ಬರುತ್ತಾರೆ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿದ್ದ ಜೋಡಿಯ ಪಕ್ಕದಲ್ಲೇ ಅಪ್ಪ ಕುಕ್ಕರುಗಾಲಲ್ಲಿ ಕೂತು, ಜೇಬಿನಿಂದ ಲೈಟ್‌ಹೌಸ್ ಮ್ಯಾಗ್ನೆಟ್ ತೆಗೆದು ಮರಳಿನ ಮೇಲೆ ಆಡಿಸಿದರು. ನಾಲ್ಕಾರು ಕಪ್ಪು ಕಾಳು ಅಂಟಿಕೊಂಡವು. "ನೋಡು, ಪೂರ್ತಿ ಎಳೆದಿಲ್ಲ ಇವರು. ವೇಸ್ಟು."

ಅಲ್ಲಿ ನಾಯಿ ಸುತ್ತಾಡಿಸುತ್ತಿದ್ದ ಒಬ್ಬ ಮುದುಕರು ಇದನ್ನು ನೋಡಿ ನಕ್ಕರು. ಅವರೂ ಪ್ಲಾಂಟಿನಲ್ಲಿದ್ದು ರಿಟೈರ್ ಆದವರು! ಆಮೇಲೆ ನನಗೇನು ಕೆಲಸ? ಗ್ರೈಂಡಿಂಗ್ ಮಿಲ್, ಲೈನರ್, ಕನ್ವೇಯರ್ ಬೆಲ್ಟ್ ಅಂತ ಇಬ್ಬರ ಮಾತು ಓಡಿತು. ಅಪ್ಪನ ಇಂಗ್ಲಿಷ್ ಮನೆಯಲ್ಲಿ ತಡವರಿಸುತ್ತದೆ, ಪ್ಲಾಂಟಿನ ವಿಷಯಕ್ಕೆ ಬಂದರೆ ನೀರು ಕುಡಿದಷ್ಟು ಸಲೀಸು. ನಮ್ಮ ಗಣಿಯನ್ನು ಕೋರ್ಟ್ ಮುಚ್ಚಿಸಿತು ಅಂದರು ಅಪ್ಪ. ನಮ್ಮದನ್ನೂ 1974ರಲ್ಲಿ ಜಡ್ಜ್ ಮೈಲ್ಸ್ ಲಾರ್ಡ್ ಮುಚ್ಚಿಸಿದ್ದರು, ಅಪೀಲು ಹೋಗಿ ಎರಡೇ ದಿನಕ್ಕೆ ಮತ್ತೆ ಶುರುವಾಯಿತು ಅಂದರು ಅವರು. ಆದರೂ ಕೋರ್ಟಿನ ಆದೇಶದಂತೆ 1980ಕ್ಕೆ ಟೇಲಿಂಗ್ಸ್ ಸರೋವರ ಬಿಟ್ಟು ನೆಲದ ಮೇಲಿನ ಕಟ್ಟೆಗೆ ಹೋಯಿತು. 1986ರಲ್ಲಿ ಕಂಪನಿ ದಿವಾಳಿಯೆದ್ದು ಊರು ಅರ್ಧ ಖಾಲಿಯಾದಂತಾಯಿತು. ಬೇರೆಯವರು ಕೊಂಡು ಮತ್ತೆ ತೆರೆದರು. 2022ರಲ್ಲಿ ಮತ್ತೆ ನಿಂತು, ಸುಮಾರು ಒಂದು ವರ್ಷದ ಮೇಲೆ ಶುರುವಾಯಿತು. ಟೂರಿಸ್ಟ್‌ಗಳಿಂದ ದುಡ್ಡು ಬರುತ್ತೆ, ಆದರೆ ಅದು ಬೇಸಿಗೆಯ ದುಡ್ಡು, ಪ್ಲಾಂಟಿನ ಸಂಬಳ ಜನವರಿಯಲ್ಲೂ ಬರುತ್ತೆ ಅಂತ ಅವರ ಲೆಕ್ಕ. ನನಗೆ ಸರೋವರ ಉಳಿಸಿದ ತೀರ್ಪೂ ಸರಿ, ಕುದುರೆಮುಖದ ಕಾಡು ಉಳಿಸಿದ ತೀರ್ಪೂ ಸರಿ ಅನಿಸುತ್ತದೆ. ಆದರೆ ಸಂಬಳ ಎಣಿಸಿ ಮನೆ ನಡೆಸಿದ ಇಬ್ಬರ ಎದುರು ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಈಗ ನಿಮ್ಮೂರಲ್ಲಿ ಏನಿದೆ ಅಂತ ಅವರು ಕೇಳಿದರು. "ಹುಲಿ, ಟ್ರೆಕ್ಕಿಂಗ್ ಹುಡುಗರು, ಜಿಗಣೆ" ಅಂದರು ಅಪ್ಪ. ಜಿಗಣೆ ಅಂದದ್ದೇ ತಡ, ಅವರ ಮುಖ ಅರಳಿತು. ಇಲ್ಲಿ ವಾಲೈ ಮೀನಿನ ಗಾಳಕ್ಕೆ ಜಿಗಣೆಯೇ ಆಗಬೇಕಂತೆ, ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತರುತ್ತಾರಂತೆ.

ಅಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ದುಡ್ಡು ಕೊಟ್ಟಾ? ಹಾಗಾದ್ರೆ ಗಣಿ ಹೋದದ್ದಕ್ಕೆ ಸುಮ್ನೆ ಯಾಕೆ ಅಳೋದು ಮಾರಾಯ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ಬಂದರಿನಿಂದ ಲೋಡ್ ಮಾಡಬಹುದು."